ಕುದಿಸಿ ಮುಚ್ಚಿಟ್ಟರೆ ಸಾಕೇ?

ಕಳೆದ ವಾರ ರಾಣೆಬೆನ್ನೂರಿನ ಕಡೆಯ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಅವರಿಗೆ ಯಾವ ರೋಗವೂ ಇರಲಿಲ್ಲ. ಇದ್ದುದು ಗಾಬರಿ ಮಾತ್ರ.

"ಡಾಕ್ಟರ್ರ, ನಮ್ಮ ಹುಡುಗ ಬೆಂಗಳೂರಾಗ ನೌಕರಿ ಮಾಡ್ತಾನ್ರಿ. ಹಬ್ಬಕ್ಕಂತ ಬಂದಾವ ನಿನ್ನೆ ಇಡೀ ದಿನ ಅಡಗಿಮನಿ ಹಿಡಕೊಂಡು ಕುಂತ. ಅದೇನೋ ಬಾರ್ಲಿ ನೀರಂತ, ತಾಸುಗಟ್ಟಲೆ ಕುದಿಸಿದ. ಕುದಿಯೂದನ್ನ ಹಂಗ ಪ್ಲಾಸ್ಟಿಕ್ ಕ್ಯಾನಿಗೆ ಸುರುವಿ, ಬಿಗಿ ಮುಚ್ಚಳ ಹಾಕಿ, ನೀರಿನ ಹಂಡೇದ ಮಗ್ಗಲಕ ಇಟ್ಟಾನ. ಆರೂತನಕ ಯಾರೂ ಮುಟ್ಟಬ್ಯಾಡ್ರಿ, ಬಿಯರ್ ಆಗತೈತಿ ಅಂತಾನ. ಅದು ವಿಷ ಆಗೂದಿಲ್ಲೇನ್ರೀ?"

ಮಗ ಏನು ಹೇಳುತ್ತಾನೆ ಎಂದು ಕೇಳಿದೆ. "ಕುದಿಸೇನಿ, ಮುಚ್ಚೇನಿ, ಒಳಗ ಗಾಳೀನೂ ಹೋಗಂಗಿಲ್ಲ, ಇನ್ನೇನಾಗತೈತಿ ಅಂತಾನ್ರಿ" ಎಂದರು.

ಅವರ ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿಯೊಂದಿತ್ತು. ಅರಿವೆಯಲ್ಲಿ ಸುತ್ತಿ ಗಂಟು ಹಾಕಿದ್ದರು. ಏನೆಂದು ವಿಚಾರಿಸಿದೆ. ಹಾವೇರಿಯಲ್ಲಿರುವ ಮಗಳು ಬಾಣಂತಿ. ಆಕೆಗೆಂದು ಬೆಳಿಗ್ಗೆ ಆರಕ್ಕೇ ಅನ್ನ, ಬೇಳೆಸಾರು ಮಾಡಿ ಒಲೆಯಿಂದ ಇಳಿಸಿದೊಡನೆ ಡಬ್ಬಿಗೆ ತುಂಬಿ ಕಟ್ಟಿಕೊಂಡು ಹೊರಟಿದ್ದರು. ನನ್ನಲ್ಲಿಗೆ ಬರುವಾಗ ಹನ್ನೊಂದು ಗಂಟೆ. ಬ್ಯಾಡಗಿಯಲ್ಲಿ ಇನ್ನೊಂದು ಕೆಲಸ ಮುಗಿಸಿಕೊಂಡು ಹಾವೇರಿ ಸೇರುವುದು ಮಧ್ಯಾಹ್ನ ಮೂರಕ್ಕೆ.

"ಇದು ಕೆಡೂದಿಲ್ಲೇನು ತಾಯಿ?" ಎಂದೆ.

"ಹೆಂಗ ಕೆಡತೈತ್ರಿ? ಕುದಿಸೇನಿ, ಮುಚ್ಚೇನಿ" ಎಂದರು ಅವರು.

ಅಂದರೆ ಮಗನ ತರ್ಕವೂ ತಾಯಿಯ ತರ್ಕವೂ ಒಂದೇ. ಮಗನ ಕ್ಯಾನು ತಾಯಿಗೆ ಹೆದರಿಕೆ ಹುಟ್ಟಿಸಿತು, ತನ್ನ ಡಬ್ಬಿ ಹುಟ್ಟಿಸಲಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ದಿನ ಎರಡರಲ್ಲಿ ಹೆಚ್ಚು ಅಪಾಯಕಾರಿಯಾಗಿದ್ದುದು ಡಬ್ಬಿ. ಏಕೆಂದು ಈ ವಾರ ನೋಡೋಣ.

ಮೊದಲು ಆ ಕ್ಯಾನಿನ ವಿಷಯ

ಬಿಯರ್ ತಯಾರಿಕೆಯಲ್ಲಿ ಮಾಯೆಯೇನೂ ಇಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿದಾಗ ಕಾಳಿನ ಹಿಟ್ಟು ಸಕ್ಕರೆಯಾಗಿ ಸಿಹಿ ರಸ ಇಳಿಯುತ್ತದೆ. ಈ ರಸಕ್ಕೆ ಇಂಗ್ಲಿಷಿನಲ್ಲಿ ವರ್ಟ್ ಎನ್ನುತ್ತಾರೆ. ಹಾಪ್ಸ್ ಎಂಬ ಕಹಿ ಹೂವು ಹಾಕಿ ಅದನ್ನು ಸುಮಾರು ಒಂದು ತಾಸು ಕುದಿಸಿ, ತಣಿಸಿ, ಯೀಸ್ಟ್ ಹಾಕಿದರೆ ಹುದುಗು ಏಳುತ್ತದೆ. ಕಾರ್ಖಾನೆಗಳಲ್ಲಿ ಈ ರಸವನ್ನು ಯಂತ್ರದ ಮೂಲಕ ಹಾಯಿಸಿ ಬೇಗನೆ ತಣಿಸುತ್ತಾರೆ. ಆಸ್ಟ್ರೇಲಿಯಾದ ಮನೆಬಳಕೆಯವರಲ್ಲಿ ಇನ್ನೊಂದು ಪದ್ಧತಿ ಬೆಳೆದಿದೆ. ತಣಿಸಲು ನೀರು ವ್ಯರ್ಥವಾಗದಿರಲೆಂದು ಅವರು ಬಿಸಿ ರಸವನ್ನೇ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಗಾಳಿ ಉಳಿಯದಂತೆ ಅಮುಕಿ, ಮುಚ್ಚಳ ಬಿಗಿದು, ರಾತ್ರಿಯಿಡೀ ತಾನಾಗಿ ಆರಲು ಬಿಡುತ್ತಾರೆ. ನಮ್ಮ ರಾಣೆಬೆನ್ನೂರಿನ ಹುಡುಗ ಮಾಡಿದ್ದೂ ಇದನ್ನೇ.

ಇದರಲ್ಲಿ ಸ್ವಲ್ಪ ಬುದ್ಧಿವಂತಿಕೆ ಇದೆ. ಕುದಿಯುವ ರಸ ಕ್ಯಾನಿನ ಒಳಮೈಯನ್ನೂ ಮುಚ್ಚಳವನ್ನೂ ತಾನೇ ಕಾಯಿಸಿ ಸಾಮಾನ್ಯ ರೋಗಾಣುಗಳನ್ನು ಕೊಲ್ಲುತ್ತದೆ. ಮರುದಿನ ಯೀಸ್ಟ್ ಬಿದ್ದ ಮೇಲೆ ರಸ ಹುಳಿಯಾಗಿ, ಮದ್ಯಸಾರವೂ ಸೇರಿ, ಬೇರೆ ಜೀವಿಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಆದ್ದರಿಂದ ಮರುದಿನವೇ ಯೀಸ್ಟ್ ಹಾಕಿದರೆ ವಿಷವಾಗುವ ಸಂಭವ ತೀರ ಕಡಿಮೆ. ಅದೇ ರಸವನ್ನು ಯೀಸ್ಟ್ ಹಾಕದೆ ವಾರಗಟ್ಟಲೆ ಮುಚ್ಚಿಟ್ಟರೆ ಮಾತ್ರ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಆದರೂ ಆ ಹುಡುಗನಿಗೆ ನಾನು ಬೇಡವೆಂದೇ ಹೇಳಿ ಕಳಿಸಿದೆ. ಮೂರು ಕಾರಣಗಳಿವೆ. ಒಂದು, ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಅದರಲ್ಲಿ ಸೇರಿದೆ. ಬೆಂಗಳೂರಿನ ಹೋಟೆಲುಗಳಲ್ಲಿ ಅಲ್ಲೇ ಬಿಯರ್ ಮಾಡಿ ಕೊಡುತ್ತಾರಲ್ಲ ಎಂದರೆ, ಅವರು ಪರವಾನಗಿ ಪಡೆದವರು. ಎರಡು, ಆ ಕ್ಯಾನು. ನಮ್ಮ ಕಡೆ ಕ್ರಿಮಿನಾಶಕ ಬಂದ ಕ್ಯಾನುಗಳನ್ನೇ ತೊಳೆದು ನೀರಿಗೆ, ಎಣ್ಣೆಗೆ ಬಳಸುವ ಕೆಟ್ಟ ರೂಢಿ ಇದೆ. ಎಷ್ಟು ತೊಳೆದರೂ ಆ ವಿಷ ಪ್ಲಾಸ್ಟಿಕ್ಕಿನಿಂದ ಪೂರ್ತಿ ಹೋಗದು, ಬಿಸಿ ತಗುಲಿದರಂತೂ ಹೊರಗೆ ಬರುತ್ತದೆ. ಹೊಸ ಕ್ಯಾನಾದರೂ ಆಹಾರಕ್ಕೆ ಯೋಗ್ಯವಲ್ಲದ್ದಾದರೆ ಕುದಿನೀರಿಗೆ ಮೆತ್ತಗಾಗಿ ಕೈಜಾರಿ ಮೈ ಬೇಯುತ್ತದೆ. ಮೂರು, ಹವೆ. ಆ ಯೀಸ್ಟಿಗೆ ಸುಮಾರು 20 ಡಿಗ್ರಿ ಸೆಂಟಿಗ್ರೇಡಿನ ತಂಪು ಬೇಕು. ಹಾವೇರಿಯ ಬೇಸಿಗೆಯಲ್ಲಿ ಕ್ಯಾನು ರಾತ್ರಿಯಿಡೀ ಇಟ್ಟರೂ ಅಷ್ಟು ತಣ್ಣಗಾಗದು.

ಇನ್ನು ಮದ್ಯಪಾನದ ಬಗ್ಗೆ ವೈದ್ಯನಾಗಿ ನಾನು ಹೇಳುವುದು ಎಲ್ಲರಿಗೂ ಗೊತ್ತಿರುವುದೇ. ಆ ಉಪದೇಶ ಇವತ್ತು ಬೇಡ. ನನ್ನ ಚಿಂತೆ ಇರುವುದು ಬಿಯರ್ ಕುಡಿಯದ, ಅದರ ವಾಸನೆಯನ್ನೂ ಸಹಿಸದ ಮನೆಗಳ ಅಡಿಗೆಮನೆಯ ಬಗ್ಗೆ.

ಕುದಿಗೆ ಸಾಯದ ಬೀಜಗಳು

ಕುದಿಸಿದರೆ ರೋಗಾಣು ಸಾಯುತ್ತದೆ ಎನ್ನುವುದು ಅರ್ಧ ಸತ್ಯ. ಕಾಲರಾ, ವಿಷಮಶೀತ ಜ್ವರ, ಆಮಶಂಕೆಗಳ ರೋಗಾಣುಗಳು ಕುದಿಗೆ ನಿಲ್ಲುವುದಿಲ್ಲ. ಅದಕ್ಕಾಗಿಯೇ ನೀರು ಕುದಿಸಿ ಕುಡಿಯಿರಿ ಎಂದು ಹೇಳುವುದು. ಆದರೆ ಮಣ್ಣಿನಲ್ಲಿ, ಧೂಳಿನಲ್ಲಿ, ಕಾಳುಕಡಿಗಳಲ್ಲಿ ಇರುವ ಕೆಲವು ಜೀವಾಣುಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚ ಹೊದ್ದು ಬೀಜದಂತೆ ಮಲಗಿಬಿಡುತ್ತವೆ. ಇವಕ್ಕೆ ಬೀಜಾಣು ಎನ್ನೋಣ. ಒಣ ನೆಲದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹುಲ್ಲಿನ ಬೀಜ ಮಳೆಗೆ ಚಿಗುರುವಂತೆ, ಹಿತವಾದ ಬಿಸುಪು ಸಿಕ್ಕಾಗ ಇವು ಎದ್ದು ಬೆಳೆಯುತ್ತವೆ.

ಇದು ತಿಳಿದು ಒಂದೂವರೆ ಶತಮಾನವಾಯಿತು. ಬಿಯರ್ ಏಕೆ ಕೆಡುತ್ತದೆ ಎಂದು ಶೋಧಿಸಿ ಫ್ರಾನ್ಸಿನ ಲೂಯಿ ಪಾಶ್ಚರ್ 1876ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಫರ್ಡಿನೆಂಡ್ ಕೋನ್ ಕುದಿಗೂ ಸಾಯದ ಬೀಜಾಣುಗಳನ್ನು ವಿವರಿಸಿದರು. ಒಣಹುಲ್ಲಿನ ಕಷಾಯವನ್ನು ಎಷ್ಟು ಕುದಿಸಿದರೂ ಮತ್ತೆ ಮತ್ತೆ ಕೆಡುವುದನ್ನು ಕಂಡ ಇಂಗ್ಲೆಂಡಿನ ಜಾನ್ ಟಿಂಡಾಲ್ 1877ರಲ್ಲಿ ಒಂದು ಉಪಾಯ ಕಂಡುಹಿಡಿದರು. ಒಮ್ಮೆ ಕುದಿಸಿ ಬಿಡುವುದು. ಉಳಿದ ಬೀಜಾಣುಗಳು ಚಿಗುರಿದ ಮೇಲೆ ಮರುದಿನ ಮತ್ತೆ ಕುದಿಸುವುದು. ಮೂರನೆಯ ದಿನ ಇನ್ನೊಮ್ಮೆ. ಚಿಗುರಿದ ಜೀವಾಣು ಕುದಿಗೆ ಸಾಯುತ್ತದೆ, ಮಲಗಿದ್ದು ಸಾಯುವುದಿಲ್ಲ ಎಂಬುದೇ ಇದರ ತಿರುಳು. ಮಲಗಿದ್ದನ್ನೂ ಒಂದೇ ಸಲಕ್ಕೆ ಕೊಲ್ಲಬೇಕಾದರೆ 121 ಡಿಗ್ರಿ ಶಾಖ ಬೇಕು. ಅದು ಒತ್ತಡದ ಪಾತ್ರೆಯಲ್ಲಿ ಮಾತ್ರ ಸಾಧ್ಯ. ಸಮುದ್ರಮಟ್ಟಕ್ಕಿಂತ ಮೇಲಿರುವ ನಮ್ಮ ಹಾವೇರಿಯಲ್ಲಂತೂ ತೆರೆದ ಪಾತ್ರೆಯ ನೀರು 100 ಡಿಗ್ರಿಯನ್ನೂ ಮುಟ್ಟದೆ 98ರ ಆಸುಪಾಸಿನಲ್ಲೇ ಕುದಿಯುತ್ತದೆ.

ನಮ್ಮ ಅಡಿಗೆಗೆ ಸಂಬಂಧಪಟ್ಟ ಮೂರು ಬೀಜಾಣುಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಬ್ಯಾಸಿಲಸ್ ಸೀರಿಯಸ್. ಇದು ಅಕ್ಕಿಯ ಒಡನಾಡಿ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೀನಿ ಹೋಟೆಲುಗಳಲ್ಲಿ ರಾತ್ರಿ ಬೇಯಿಸಿ ರಾಶಿ ಹಾಕಿದ ಅನ್ನವನ್ನು ಮರುದಿನ ಹುರಿದು ಬಡಿಸಿದಾಗ ಉಂಡವರಿಗೆ ಒಂದರಿಂದ ಆರು ತಾಸಿನೊಳಗೆ ವಾಂತಿಯಾಗುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಇದು ಅನ್ನದಲ್ಲಿ ಬಿಡುವ ನಂಜು ಎಂಥದೆಂದರೆ, ಮತ್ತೆ ಕುದಿಸಿದರೂ ಹುರಿದರೂ ನಾಶವಾಗುವುದಿಲ್ಲ. "ಬಿಸಿ ಮಾಡಿಕೊಂಡು ಉಂಡ್ವಿ, ಆದರೂ ಹಿಂಗಾತು" ಎಂದು ಹೇಳುವ ರೋಗಿಗಳು ಸುಳ್ಳು ಹೇಳುತ್ತಿಲ್ಲ.

ಎರಡನೆಯದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಮಾಂಸದ ಸಾರು, ಬೇಳೆಯ ಹುಳಿ ಮೊದಲಾದವು ದೊಡ್ಡ ಪಾತ್ರೆಗಳಲ್ಲಿ ನಿಧಾನವಾಗಿ ಆರುವಾಗ ಇದಕ್ಕೆ ಹಬ್ಬ. ಗಾಳಿ ಇಲ್ಲದ ಕಡೆ ಬೆಳೆಯುವ ಜೀವಾಣು ಇದು. 43ರಿಂದ 45 ಡಿಗ್ರಿ ಬಿಸುಪಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಲೆಕ್ಕ ಹಾಕಿ ನೋಡಿ: ಒಂದು ತಾಸಿಗೆ 1 ಇದ್ದದ್ದು 64, ಮೂರು ತಾಸಿಗೆ ಎರಡು ಲಕ್ಷ ಅರವತ್ತೆರಡು ಸಾವಿರ. ಉಂಡ ಎಂಟರಿಂದ ಹದಿನಾರು ತಾಸಿಗೆ ಹೊಟ್ಟೆ ಮುರಿತ, ಭೇದಿ. ಮಧ್ಯಾಹ್ನದ ಮದುವೆ ಊಟ ರಾತ್ರಿ ಮೂರಕ್ಕೆ ಎಬ್ಬಿಸುವುದು ಹೀಗೆ.

ಮೂರನೆಯದು ಕ್ಲಾಸ್ಟ್ರಿಡಿಯಂ ಬೊಟುಲಿನಂ. ಇದು ಅಪರೂಪ, ಆದರೆ ಮಾರಿ. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ವಾದ್ಯಗಾರರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದರು. ಅವರಲ್ಲಿ ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದಲೇ ಈ ಜೀವಾಣುವನ್ನು ಬೇರ್ಪಡಿಸಿದರು. ಗಾಳಿ ಇರಬಾರದು, ಹುಳಿ ಇರಬಾರದು, ತೇವ ಇರಬೇಕು: ಇವು ಇದು ಬೆಳೆಯಲು ಬೇಕಾದ ಅನುಕೂಲಗಳು. ಹುಳಿ ಅಳೆಯುವ ಪಿಎಚ್ ಮಾಪನದಲ್ಲಿ 4.6ಕ್ಕಿಂತ ಕೆಳಗೆ ಇದು ಬೆಳೆಯದು. ಬಿಯರಿನ ಸಿಹಿ ರಸದ ಪಿಎಚ್ 5ರ ಮೇಲಿರುತ್ತದೆ. ಆದ್ದರಿಂದಲೇ ಅದನ್ನು ಯೀಸ್ಟಿಲ್ಲದೆ ದೀರ್ಘಕಾಲ ಮುಚ್ಚಿಡಬಾರದು ಎಂದೆ. ಬೇಯಿಸಿದ ಕಾಳು, ತರಕಾರಿ, ಅನ್ನ ಇವೂ 4.6ರ ಮೇಲಿನವೇ.

ಡಬ್ಬಿಯೊಳಗೆ ನಡೆಯುವುದೇನು?

ಈಗ ಆ ತಾಯಿಯ ಡಬ್ಬಿಗೆ ಬನ್ನಿ. ಒಲೆಯಿಂದ ಇಳಿದ ಅನ್ನದಲ್ಲಿ ಬೇರೆಲ್ಲ ಜೀವಾಣುಗಳು ಸತ್ತು ಬೀಜಾಣುಗಳು ಮಾತ್ರ ಉಳಿದಿವೆ. ಪೈಪೋಟಿಗೆ ಯಾರೂ ಇಲ್ಲ, ಊಟ ಸಿದ್ಧವಾಗಿದೆ. 60 ಡಿಗ್ರಿಗಿಂತ ಮೇಲಿರುವ ತನಕ ಅವು ಏಳಲಾರವು. 5 ಡಿಗ್ರಿಗಿಂತ ಕೆಳಗೆ ಇಳಿದರೂ ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಈ 60 ಮತ್ತು 5ರ ನಡುವಿನ ಹಾದಿಯೇ ಕಳ್ಳರ ಹಾದಿ. ಅದನ್ನು ಬೇಗ ದಾಟಬೇಕು. ನಾವು ಮಾಡುವುದೇನು? ತುಂಬಿದ ಡಬ್ಬಿ, ಬಿಗಿ ಮುಚ್ಚಳ, ಮೇಲೆ ಅರಿವೆಯ ಗಂಟು! ಕಳ್ಳರ ಹಾದಿಯಲ್ಲೇ ತಾಸುಗಟ್ಟಲೆ ಬಿಡಾರ ಹೂಡಿದಂತೆ.

ಮುಚ್ಚಳ ಹೊರಗಿನ ನೊಣವನ್ನು ತಡೆಯುತ್ತದೆ, ಒಳಗಿನ ಬೀಜಾಣುವನ್ನಲ್ಲ. ನೊಣ ಕಣ್ಣಿಗೆ ಕಾಣುತ್ತದೆ, ಬೀಜಾಣು ಕಾಣದು ಎಂಬುದಷ್ಟೇ ನಮ್ಮ ಧೈರ್ಯಕ್ಕೆ ಆಧಾರ. ಮೂಸಿ ನೋಡಿದರೂ ಗೊತ್ತಾಗುವುದಿಲ್ಲ. ಹಳಸಿದ ವಾಸನೆ ಬರುವುದು ಬೇರೆ ಜೀವಾಣುಗಳಿಂದ. ನಂಜು ತುಂಬಿದ ಅನ್ನ ಮಲ್ಲಿಗೆ ಹೂವಿನಂತೆಯೇ ಇರಬಹುದು.

ಖಾರ ಜಾಸ್ತಿ ಹಾಕಿದ್ದೇವೆ, ಏನೂ ಆಗದು ಎನ್ನುವವರೂ ಇದ್ದಾರೆ. ಬ್ಯಾಡಗಿ ಮೆಣಸಿನಕಾಯಿಯ ಊರಿನಲ್ಲಿ ಈ ಮಾತು ಹೇಳುವುದು ಸಹಜವೇ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಯ ಹೆಸರು ಇರುವುದು ಬಣ್ಣಕ್ಕೆ, ಖಾರ ಕಡಿಮೆಯೇ. ಅದಿರಲಿ, ಯಾವ ಖಾರವೂ ಬೀಜಾಣುವನ್ನು ಕೊಲ್ಲದು. ನೆಲದ ಮೇಲೆ ಒಣಗುವ ಮಸಾಲೆ ಪದಾರ್ಥಗಳೇ ಬೀಜಾಣುಗಳನ್ನು ಹೊತ್ತು ತರುತ್ತವೆ. ಹಾಗೆಂದು ಖಾರದಪುಡಿ ಬಿಡಬೇಕಾಗಿಲ್ಲ. ಅದು ಒಣಗಿರುವ ತನಕ ನಿರಪಾಯ. ಸಾರಿಗೆ ಬಿದ್ದ ಮೇಲೆ ಮಾತ್ರ ಸಾರನ್ನು ನೋಡಿಕೊಳ್ಳಬೇಕು.

ಮೆಣಸಿನಕಾಯಿ ಹಂಗಾಮಿನ ಒಂದು ಸಂಜೆ

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿದ್ದಲ್ಲ. ವೃತ್ತಿ ಆರಂಭಿಸಿದ ಹೊಸದರಲ್ಲಿ, ಬ್ಯಾಡಗಿಯ ಮಾರುಕಟ್ಟೆ ಕೆಂಪಾಗುವ ಹಂಗಾಮಿನಲ್ಲಿ, ಒಂದು ಬೆಳಗಿನ ಜಾವ ಕಾಯಿಯ ತೊಟ್ಟು ಬಿಡಿಸುವ ಕೂಲಿಯ ಹೆಣ್ಣುಮಕ್ಕಳು ಹತ್ತೋ ಹನ್ನೆರಡೋ ಮಂದಿ ಒಟ್ಟಿಗೇ ಬಂದರು. ಎಲ್ಲರಿಗೂ ವಾಂತಿ, ಭೇದಿ. ಹಿಂದಿನ ದಿನ ಹತ್ತಿರದಲ್ಲೊಂದು ಮದುವೆ. ಮಧ್ಯಾಹ್ನ ಉಳಿದ ಅನ್ನ, ಸಾರನ್ನು ಆ ಮನೆಯವರು ಕ್ಯಾನುಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟು, ಸಂಜೆ ಏಳರ ಹೊತ್ತಿಗೆ ಈ ಹೆಣ್ಣುಮಕ್ಕಳಿಗೆ ಕೊಟ್ಟಿದ್ದರು. ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ. ಕೊಡುವಾಗ ಅನ್ನ ಇನ್ನೂ ಬೆಚ್ಚಗಿತ್ತಂತೆ. ಬೆಚ್ಚಗಿದ್ದುದೇ ತೊಂದರೆ ಎಂದು ಅವರಿಗಾಗಲಿ, ಪಡೆದವರಿಗಾಗಲಿ ಹೇಗೆ ತಿಳಿಯಬೇಕು?

ಅವರಲ್ಲಿ ವಯಸ್ಸಾದ ಒಬ್ಬಾಕೆ ತನ್ನ ಪಾಲನ್ನು ರಾತ್ರಿ ಮೊಮ್ಮಗನಿಗೂ ಉಣಿಸಿದ್ದಳು. ಕಣ್ಣು ಒಳಸೇರಿ, ನಾಲಿಗೆ ಒಣಗಿದ್ದ ಆ ಮಗುವಿಗೆ ಸಲೈನ್ ಏರಿಸಲು ನರ ಸಿಗದೆ ನಾವು ಪಟ್ಟ ಪಾಡು ಇಂದಿಗೂ ನೆನಪಿದೆ. ಮಗು ಉಳಿಯಿತು. ಆ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಮಾತು: "ಮದವಿ ಮನ್ಯಾಗ ಉಂಡಾವ್ರಿಗೆ ಯಾರಿಗೂ ಏನೂ ಆಗಲಿಲ್ಲಲ್ರಿ, ನಮಗ್ಯಾಕ ಆತು?"

ಉತ್ತರ ಸರಳ. ಮದುವೆಗೆ ಬಂದವರು ಹನ್ನೆರಡಕ್ಕೆ ಬಿಸಿಬಿಸಿ ಉಂಡರು; ಇವರು ಏಳು ತಾಸು ತಡವಾಗಿ ಉಂಡರು. ಅಡಿಗೆ ಅದೇ, ಅಡಿಗೆಯವರು ಅವರೇ, ವ್ಯತ್ಯಾಸ ಗಡಿಯಾರದ್ದು. ಆ ವ್ಯತ್ಯಾಸದ ಬೆಲೆ ತೆತ್ತವರು ಬಡವರು. ಒಂದು ದಿನದ ಕೂಲಿಯೂ ಹೋಯಿತು, ಔಷಧದ ಖರ್ಚೂ ಬಂತು.

ಇಲ್ಲಿ ನನ್ನ ಮಾತು ಸ್ವಲ್ಪ ಖಾರವಾದರೂ ಓದುಗರು ಕ್ಷಮಿಸಬೇಕು. ಉಳಿದದ್ದನ್ನು ಚೆಲ್ಲಬಾರದು, ಹಸಿದವರಿಗೆ ಕೊಡಬೇಕು ಎನ್ನುವುದು ದೊಡ್ಡ ಗುಣ. ದಾಸೋಹದ ನಾಡು ನಮ್ಮದು. ಆದರೆ ದಾನಕ್ಕೂ ಹೊತ್ತು ಗೊತ್ತು ಬೇಕು. ಕೊಡುವುದಾದರೆ ಮೊದಲ ಪಂಕ್ತಿಯ ಜೊತೆಗೇ ಕೊಡಿ. ಕೂಲಿಯವರ ಪಾಲನ್ನು ಎಲ್ಲರದೂ ಮುಗಿದ ಮೇಲೆ ಲೆಕ್ಕ ಹಾಕುವ ಬದಲು, ಅಡಿಗೆಯ ಅಂದಾಜು ಹಾಕುವಾಗಲೇ ಸೇರಿಸಿಕೊಳ್ಳಿ. ನಿಮ್ಮ ಮಗುವಿಗೆ ಆ ಹೊತ್ತಿನಲ್ಲಿ ಉಣಿಸಲು ಹಿಂಜರಿಯುವ ಅನ್ನವನ್ನು ಇನ್ನೊಬ್ಬರ ಮಗುವಿನ ಕೈಗೆ ಇಡಬೇಡಿ. ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹಕ್ಕೆ ಜನ ಇಟ್ಟ ಹೆಸರು ಬಿಸಿಯೂಟ. ಆ ಹೆಸರಿನಲ್ಲೇ ಆರೋಗ್ಯಶಾಸ್ತ್ರ ಇದೆ. ಬಿಸಿ ಊಟವೆಂದರೆ ಬೇಯಿಸಿದ ಹೊತ್ತಿಗೇ ಉಣ್ಣುವ ಊಟ. ಬೆಳಿಗ್ಗೆ ಬೇಯಿಸಿ ಬೆಚ್ಚಗೆ ಮುಚ್ಚಿಟ್ಟ ಊಟವಲ್ಲ.

ಹಿರಿಯರ ಬುತ್ತಿ

ಹಾಗಾದರೆ ನಮ್ಮ ಅಜ್ಜಿಯಂದಿರು ಹೊಲಕ್ಕೆ ಬುತ್ತಿ ಒಯ್ಯುತ್ತಿರಲಿಲ್ಲವೇ? ಒಯ್ಯುತ್ತಿದ್ದರು. ಆದರೆ ಆ ಬುತ್ತಿಯಲ್ಲಿ ಏನಿರುತ್ತಿತ್ತು ನೆನಪಿಸಿಕೊಳ್ಳಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ: ಇವೆಲ್ಲ ಒಣ ಪದಾರ್ಥಗಳು, ತೇವವಿಲ್ಲದೆ ಬೀಜಾಣು ಏಳದು. ಬುತ್ತಿ ಅನ್ನವಾದರೆ ಮೊಸರು ಕಲಸಿದ್ದು ಇಲ್ಲವೇ ನಿಂಬೆ, ಹುಣಸೆ ಹಿಂಡಿದ್ದು. ಅದರಲ್ಲಿ ಹುಳಿ ಇದೆ. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವ ಬುತ್ತಿಗಳಲ್ಲಿ ಇಂದಿಗೂ ಈ ಕ್ರಮ ಕಾಣುತ್ತದೆ. ಅನ್ನವನ್ನು ಪರಾತದಲ್ಲಿ ಹರವಿ ಆರಿಸಿದ ಮೇಲೆ ಕಲಸುತ್ತಿದ್ದರೇ ಹೊರತು ಹೊಗೆಯಾಡುವಾಗ ಮುಚ್ಚುತ್ತಿರಲಿಲ್ಲ. ಬಿಗಿ ಮುಚ್ಚಳದ ಡಬ್ಬಿ, ಶಾಖ ಹಿಡಿದಿಡುವ ಪೆಟ್ಟಿಗೆ ಬಂದದ್ದು ಆಮೇಲೆ. ಪಾತ್ರೆ ಬದಲಾಯಿತು, ರೂಢಿ ಬಿಟ್ಟುಹೋಯಿತು.

ಅಂಬಲಿಯೂ ಹಾಗೆಯೇ. ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿದಾಗ ಮಜ್ಜಿಗೆಯ ಒಳ್ಳೆಯ ಜೀವಾಣುಗಳು ಮನೆ ಹಿಡಿದು ಕೆಟ್ಟವಕ್ಕೆ ಬಾಗಿಲು ಹಾಕುತ್ತವೆ. ಬಿಯರಿನಲ್ಲಿ ಯೀಸ್ಟ್ ಮಾಡುವ ಕೆಲಸವೂ ಇದೇ. ಆದರೆ ಸುಡುವ ಅನ್ನಕ್ಕೆ ಮೊಸರು ಹಾಕಿದರೆ ಆ ಒಳ್ಳೆಯ ಜೀವಾಣುಗಳೇ ಸಾಯುತ್ತವೆ. ಹೆಪ್ಪು ಹಾಕುವಾಗ ಹಾಲನ್ನು ಬೆರಳು ತಾಳುವಷ್ಟು ಆರಿಸುವ ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ರಂಜಕದ ಬಗ್ಗೆ ಒಂದು ಮಾತು. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಮಾಡುವ ಈ ಚಟ್ನಿಗೆ ಉಪ್ಪು ಮತ್ತು ನಿಂಬೆಹುಳಿಯೇ ಕಾವಲು. ರುಚಿಗೆಂದು ಹುಳಿ ತೆಗೆದು, ಬರೀ ಎಣ್ಣೆ ತುಂಬಿ ಬಾಟಲಿಯಲ್ಲಿ ಮುಚ್ಚಿಡುವ ಹೊಸ ಪದ್ಧತಿ ಬೇಡ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಎಣ್ಣೆಯಲ್ಲಿ ಹಾಕಿ ತಂಪಿಲ್ಲದ ಕಡೆ ಇಟ್ಟಿದ್ದ ಬೆಳ್ಳುಳ್ಳಿಯಿಂದ 36 ಮಂದಿಗೆ ಬೊಟುಲಿನಂ ನಂಜು ಏರಿತ್ತು.

ಮನೆಯಲ್ಲಿ ಮಾಡಬೇಕಾದದ್ದು

ಬೇಯಿಸಿದ್ದನ್ನು ಎರಡು ತಾಸಿನೊಳಗೆ ಉಣ್ಣಿ. ಬೇಸಿಗೆಯಲ್ಲಿ ಒಂದೇ ತಾಸು ಎಂದು ತಿಳಿಯಿರಿ. ತಡವಾಗುವುದಾದರೆ ಕೈಸುಡುವಷ್ಟು ಬಿಸಿಯಾಗಿಯೇ, ಒಲೆಯ ಮೇಲೆ ಸಣ್ಣ ಉರಿಯಲ್ಲಿ ಇಡಿ. ಉಗುರುಬೆಚ್ಚಗೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಉಳಿಸಬೇಕೆಂದಿದ್ದರೆ ಬೇಗ ತಣಿಸಿ. ಅನ್ನವನ್ನು ಅಗಲವಾದ ಪರಾತದಲ್ಲಿ ಎರಡು ಬೆರಳು ದಪ್ಪಕ್ಕೆ ಹರವಿ, ತೆಳುವಾದ ಅರಿವೆ ಮುಚ್ಚಿ, ಗಾಳಿಯಾಡಲು ಬಿಡಿ. ಸಾರನ್ನು ದೊಡ್ಡ ಪಾತೇಲಿಯಲ್ಲಿ ಬಿಡದೆ ಎರಡು ಮೂರು ಸಣ್ಣ ಬೋಗುಣಿಗಳಿಗೆ ಹಂಚಿ, ತಣ್ಣೀರಿನ ಪರಾತದಲ್ಲಿ ಕೂರಿಸಿ ಆಗಾಗ ಕೈಯಾಡಿಸಿ. ಹೊಗೆ ನಿಂತ ಮೇಲೆ ಫ್ರಿಜ್ಜಿಗೆ ಇಡಿ. ಪೂರ್ತಿ ತಣ್ಣಗಾಗಲೆಂದು ರಾತ್ರಿಯಿಡೀ ಹೊರಗೆ ಬಿಡಬೇಡಿ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ತಾಸು ತಂಪು ಹಿಡಿಯುತ್ತದೆ; ಅದಕ್ಕಿಂತ ಹೆಚ್ಚಾದರೆ ಬೇಯಿಸಿದ ಅನ್ನ, ಸಾರನ್ನು ನಂಬಬೇಡಿ.

ದೂರ ಒಯ್ಯುವ ಊಟಕ್ಕೆ ರೊಟ್ಟಿ, ಹಿಂಡಿ, ಹುಳಿ ಕಲಸಿದ ಅನ್ನ ಸಾಕು. ಅನ್ನ ಸಾರು ಮಧ್ಯಾಹ್ನಕ್ಕೆ ಹೋದಲ್ಲೇ ಬೇಯಲಿ. ಹಾಗೆಯೇ ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ಬೊಟುಲಿನಂ ಬೀಜಾಣು ಜೇನಿನಲ್ಲೂ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಎಳೆಗೂಸಿನ ಕರುಳು ತಡೆಯದು.

ವಾಂತಿ, ಭೇದಿ ಆದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಮಗು ಮಂಕಾದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯಬೇಡಿ. ಜ್ವರವಿಲ್ಲದೆ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಬೊಟುಲಿನಂ ನಂಜಿನ ಗುರುತು. ಅದಕ್ಕೆ ಮನೆಮದ್ದಿಲ್ಲ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ತಾಯಿಗೆ ಇಷ್ಟನ್ನೂ ಹೇಳಲು ನನಗೆ ಪುರುಸೊತ್ತಿರಲಿಲ್ಲ. "ಬಾಣಂತಿಗೆ ಆ ಅನ್ನ ಹಾಕಬ್ಯಾಡ್ರಿ, ಹಾವೇರಿಗೆ ಹೋಗಿ ಹೊಸದಾಗಿ ಒಂದು ಹಿಡಿ ಅಕ್ಕಿ ಬೇಯಿಸ್ರಿ" ಎಂದಷ್ಟೇ ಹೇಳಿದೆ. ಅವರು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಸುಕಿನಲ್ಲಿ ಎದ್ದು ಮಗಳಿಗಾಗಿ ಮಾಡಿದ ಅಡಿಗೆ. ಅದನ್ನು ಬೇಡವೆನ್ನುವುದು ನನಗೂ ಸುಲಭವಾಗಿರಲಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು ಎಂದರು: "ಹಂಗಾದ್ರ ನನ್ನ ಮಗನ್ನ ನಾ ಬೈಯೂ ಹಂಗಿಲ್ಲ ಬಿಡ್ರಿ."

ಬೈಯಬೇಕಾಗಿಲ್ಲ. ಕುದಿಸುವುದನ್ನು, ಮುಚ್ಚುವುದನ್ನು ನಾವೆಲ್ಲ ಚೆನ್ನಾಗಿ ಕಲಿತಿದ್ದೇವೆ. ಅವೆರಡರ ನಡುವೆ ಆರಿಸುವುದು ಎಂಬ ಒಂದು ಕೆಲಸವಿದೆ. ಅಜ್ಜಿಯರಿಗೆ ಗೊತ್ತಿದ್ದ ಅದನ್ನು ನಾವು ಮತ್ತೆ ಕಲಿತರೆ ಸಾಕು.